ಸಾಫ್ಟ್‌ವೇರ್ ಕಂಪನಿ ಬಿಡುವಾಗ ನಮ್ಮ ದಾನಿಗಳ ಪಟ್ಟಿ ನಮಗೆ ಸಿಗುತ್ತಾ, ಮೊದಲೇ ಕೇಳಿ

ಸಂಪಾದಕರಿಗೆ ನಮಸ್ಕಾರ,

ಶಿರಸಿ ಹತ್ತಿರ ಹಳ್ಳಿ ಮಕ್ಕಳಿಗೆ ಸಂಜೆ ಪಾಠ ನಡೆಸುವ ಪುಟ್ಟ ಟ್ರಸ್ಟು ನಮ್ಮದು. ಐನೂರು, ಸಾವಿರ ಅಂತ ಕೊಡುವ ದಾನಿಗಳೇ ಜಾಸ್ತಿ. 2021ರಲ್ಲಿ ಒಂದು ಕಂಪನಿ ನಮಗೆ ವೆಬ್‌ಸೈಟು, ದಾನದ ಲೆಕ್ಕ ಇಡುವ ಸಾಫ್ಟ್‌ವೇರು ಎರಡನ್ನೂ ಅರ್ಧ ರೇಟಿಗೆ ಮಾಡಿಕೊಟ್ಟಿತು. ರೇಟು ನೋಡಿಯೇ ಒಪ್ಪಿಬಿಟ್ಟೆವು, ಬೇರೇನೂ ಕೇಳಲಿಲ್ಲ.

ಪೇಚಿಗೆ ಸಿಕ್ಕಿದ್ದು 2023ರ ಮೇ ತಿಂಗಳಲ್ಲಿ. 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ) ಇರುವ ಸಂಸ್ಥೆಗಳು ದಾನಿಗಳ ಪಟ್ಟಿಯನ್ನು ಮೇ 31ರೊಳಗೆ ಫಾರಂ 10ಬಿಡಿಯಲ್ಲಿ ಆದಾಯ ತೆರಿಗೆ ಇಲಾಖೆಗೆ ಕೊಡಬೇಕಿತ್ತು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಪಟ್ಟಿ ಹೋಗದಿದ್ದರೆ ದಾನಿಗಳಿಗೆ ಆ ರಿಯಾಯಿತಿಗೆ ಬೇಕಾದ 10ಬಿಇ ಪ್ರಮಾಣಪತ್ರವೂ ಇಲ್ಲ. ಅದೇ ಹೊತ್ತಿಗೆ ಕಂಪನಿಯವರು ಫೋನ್ ಎತ್ತುವುದನ್ನು ಬಿಟ್ಟರು. ಪಟ್ಟಿ ತೆಗೆಯುವ ಪಾಸ್‌ವರ್ಡ್ ಅವರ ಹತ್ತಿರ ಮಾತ್ರ ಇತ್ತು. ವೆಬ್‌ಸೈಟಿನ ಡೊಮೇನ್, ಅಂದರೆ ಅದರ ವಿಳಾಸ ಕೂಡ ಅವರ ಹೆಸರಿನಲ್ಲೇ! ಪುಣ್ಯಕ್ಕೆ ಲೆಕ್ಕ ಬರೆಯುವ ನಮ್ಮ ಅಕ್ಕ ರಸೀದಿ ಪುಸ್ತಕ ಬಿಟ್ಟಿರಲಿಲ್ಲ. ಆರು ರಾತ್ರಿ ಕೂತು ಕಾರ್ಬನ್ ಪ್ರತಿ ನೋಡಿ ಎಲ್ಲವನ್ನೂ ಟೈಪ್ ಮಾಡಿದರು. ಮಸುಕಾದ ಪ್ಯಾನ್ ನಂಬರಿನಲ್ಲಿ ಅದು ಎಂ ಅಕ್ಷರವೋ ಎನ್ ಅಕ್ಷರವೋ ತಿಳಿಯದೆ ಎಷ್ಟೋ ದಾನಿಗಳಿಗೆ ಫೋನ್ ಮಾಡಿ ಕೇಳಬೇಕಾಯಿತು.

ಅದಕ್ಕೇ ಬೇರೆ ಟ್ರಸ್ಟಿನವರಿಗೆ ಕೈಮುಗಿದು ಹೇಳುತ್ತೇನೆ. ಕಂಪನಿಯವರ ಹತ್ತಿರ ರೇಟು ಕೇಳುವ ಮುಂಚೆ, ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಪಟ್ಟಿ ಹೇಗೆ ಕೊಡುತ್ತೀರಿ ಅಂತ ಕೇಳಿ. ಬಾಯಿಮಾತು ಸಾಲದು, ಎಕ್ಸೆಲ್‌ಗೆ ಇಳಿಸಿ ತೋರಿಸಲಿ. ಡೊಮೇನ್ ಟ್ರಸ್ಟಿನ ಹೆಸರಿನಲ್ಲೇ ಇರಲಿ. ಅವರು ಕೆಲಸ ಮಾಡಿಕೊಟ್ಟ ಇನ್ನೊಂದು ಸಂಸ್ಥೆಯವರ ಜೊತೆ, ಸಾಧ್ಯವಾದರೆ ಅವರನ್ನು ಬಿಟ್ಟು ಬಂದವರ ಜೊತೆಯೂ, ಒಮ್ಮೆ ಮಾತಾಡಿ. ಸಿವಿಸಿಆರ್‌ಎಂ, ಇಆರ್‌ಪಿನೆಕ್ಸ್ಟ್ ತರಹದ ಓಪನ್ ಸೋರ್ಸ್ (ಯಾರು ಬೇಕಾದರೂ ತೆಗೆದುಕೊಂಡು ಬಳಸಿ, ತಿದ್ದಬಹುದಾದ) ಸಾಫ್ಟ್‌ವೇರ್ ಆದರೆ ಒಬ್ಬರು ಕೈಬಿಟ್ಟರೂ ಇನ್ನೊಬ್ಬರನ್ನು ಕರೆದು ಮುಂದುವರಿಸಬಹುದು. ಇನ್ನೂರು ದಾನಿಗಳಿಗೆ ಅದೂ ಬೇಡ, ಒಂದು ಗೂಗಲ್ ಶೀಟ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕನ್ನಡದ ವಿಷಯವನ್ನೂ ಮರೆಯಬೇಡಿ. ಹಳೇ ನುಡಿ ಫಾಂಟಿನಲ್ಲಿದ್ದ ನಮ್ಮ ಮಕ್ಕಳ ಹೆಸರುಗಳನ್ನು ಹಾಗೇ ಅಂಟಿಸಿದಾಗ ತೆರೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಸರಿಯಾಗಿ ಕಾಣಲು ಯೂನಿಕೋಡ್‌ಗೆ ಬದಲಿಸಬೇಕು ಅಂತ ಆ ಕಂಪನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಮಕ್ಕಳ ಮಾಹಿತಿ. ಸೋರಿಹೋದರೆ ಕಂಪನಿಯನ್ನು ತೋರಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊಣೆಯನ್ನು ಸಂಸ್ಥೆಯ ಮೇಲೇ ಇಡುತ್ತದೆ, 18 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆಯನ್ನೂ ಕೇಳುತ್ತದೆ.

ಈಗ ಪ್ರತಿ ತಿಂಗಳು 1ನೇ ತಾರೀಕು ಅಕ್ಕ ಪೂರ್ತಿ ಪಟ್ಟಿಯನ್ನು ಪೆನ್‌ಡ್ರೈವಿಗೆ ಇಳಿಸಿ, ಬೀರುವಿನಲ್ಲಿ ರಸೀದಿ ಪುಸ್ತಕದ ಪಕ್ಕ ಇಟ್ಟು ಬೀಗ ಹಾಕುತ್ತಾರೆ.

– ಟ್ರಸ್ಟಿಯೊಬ್ಬರು, ಶಿರಸಿ