ಬಲಗೈ ರಜೆ ಹಾಕಿದ ವರ್ಷ

ಮೊನ್ನೆ ಭಾನುವಾರ ಕಾಸರಗೋಡಿನ ಬದಿಯಡ್ಕದಲ್ಲಿ ನಮ್ಮ ವಾದ್ಯವೃಂದದ ಕಾರ್ಯಕ್ರಮ ಮುಗಿಯಿತು. ನಾನು ಮೃದಂಗ ಪಾಠ ಹೇಳಲು ಶುರು ಮಾಡಿ 25 ವರ್ಷ ಆಯಿತು ಅಂತ ಮಕ್ಕಳೇ ಲೆಕ್ಕ ಇಟ್ಟಿದ್ದರು. ವೇದಿಕೆಯಲ್ಲಿ ಮೈಕ್ ಕೊಟ್ಟಾಗ ಗಂಟಲು ಕಟ್ಟಿತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ಆಟಿ ತಿಂಗಳ ಮಳೆಯಲ್ಲಿ ಮನೆಯ ಮುರಕಲ್ಲಿನ ಮೆಟ್ಟಿಲಿನ ಪಾಚಿಗೆ ಜಾರಿದೆ. ಬಲಗೈ ಮಣಿಕಟ್ಟು ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದರು. ಮೃದಂಗದಲ್ಲಿ ಕರಣೆ, ಅಂದರೆ ಆ ಕಪ್ಪು ವೃತ್ತ, ಇರುವುದು ಬಲಬದಿಗೆ, ಶ್ರುತಿಗೆ ಸೇರುವ ನಾದವೆಲ್ಲ ಅಲ್ಲೇ. ಎಡಬದಿಗೆ ರವೆ ಮೆತ್ತಿಕೊಂಡು ಬರೀ ‘ತೊಂ’ ಅನ್ನಿಸುತ್ತಾ ಎಷ್ಟು ಹೊತ್ತು ಕೂರುವುದು? ನಾಲ್ಕು ತಿಂಗಳು ಮೃದಂಗದ ಗವಸು ಬಿಚ್ಚಲೇ ಇಲ್ಲ.

ಮೃದಂಗಕ್ಕೆ ಚರ್ಮದ ಮುಚ್ಚಿಗೆ ಹಾಕುವ ಅಣ್ಣ ಒಂದು ದಿನ ಹೇಳದೆ ಕೇಳದೆ ಬಂದರು. “ಹೀಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಮಾಸ್ಟ್ರೇ” ಅಂತ ಮೃದಂಗ ಹೊತ್ತುಕೊಂಡು ಹೋದರು. ಹೊಸ ಕರಣೆ ಹಾಕಿ, ಬಾರು ಬಿಗಿದು ತಂದುಕೊಟ್ಟರು. ದುಡ್ಡು ಮುಟ್ಟಲಿಲ್ಲ. ಅಣ್ಣಾ, ನಿಮ್ಮ ಋಣ ಇನ್ನೂ ಬಾಕಿ ಉಂಟು.

ನುಡಿಸಲಾಗದವನು ವಾದ್ಯವೃಂದದ ಎದುರು ನಿಂತು ಕೈ ಬೀಸೋಣ ಅಂತ ಹೊರಟದ್ದು ಆಮೇಲೆ. “ಇನ್ನು ನಾನು ಕಂಡಕ್ಟರ್” ಅಂದರೆ ಅತ್ತಿಗೆ, “ಮುಳ್ಳೇರಿಯದ ಬಸ್ಸಿಗೋ?” ಅಂದರು. ತಪ್ಪಲ್ಲ ಬಿಡಿ. ನಮ್ಮ ಕಛೇರಿಯಲ್ಲಿ ಹಾಗೆ ಎದುರು ನಿಂತು ಕೈ ಬೀಸುವವರು ಯಾರೂ ಇಲ್ಲ, ತಾಳ ತೊಡೆಯ ಮೇಲೆ ಬೀಳುತ್ತದೆ. 1952ರಲ್ಲಿ ದೆಹಲಿ ಆಕಾಶವಾಣಿಯಲ್ಲಿ ವಾದ್ಯವೃಂದ ಶುರುವಾದಾಗ ಅದನ್ನು ನಡೆಸಿದವರು ಸಿತಾರಿನ ರವಿಶಂಕರ್ ಮತ್ತು ಪಿಟೀಲಿನ ಟಿ.ಕೆ. ಜಯರಾಮ ಅಯ್ಯರ್. ಅಂಥವರ ಕೆಲಸಕ್ಕೆ ನಾನು ಎಡಗೈ ಹಾಕಿದ್ದೆ!

ಮೊದಲ ತಿಂಗಳು ಬರೀ ಗಲಾಟೆ. ಏಳು ಅಕ್ಷರದ ಮಿಶ್ರ ಛಾಪು ತಾಳವನ್ನು ಮೂರು, ಎರಡು, ಎರಡು ಅಂತ ಒಡೆದು ತೋರಿಸಿದರೂ ಪಿಟೀಲಿನವರು ಒಂದು ಕಡೆ, ಘಟ ಇನ್ನೊಂದು ಕಡೆ. ಚೆಂಡೆ ಬಿದ್ದರೆ ಯಾರೂ ಕೇಳಿಸುವುದಿಲ್ಲ. ಅರ್ಧ ಮಕ್ಕಳದು ಮಲಯಾಳ ಮನೆ, ಅರ್ಧದ್ದು ಕನ್ನಡ. ವಿವರಣೆ ಎರಡೂ ಭಾಷೆಯಲ್ಲಿ, ಬೈಗುಳ ಮಾತ್ರ ತುಳುವಿನಲ್ಲಿ.

ಆಗ ಎಂಟನೇ ಕ್ಲಾಸಿನ ಘಟದ ಹುಡುಗಿ, ಎಲ್ಲರೂ ಹೋದ ಮೇಲೆ, ಮೆಲ್ಲ ಹೇಳಿದಳು: “ಮಾಷೇ, ನಿಮ್ಮ ಕೈ ತಡವಾಗಿ ಇಳಿಯುತ್ತದೆ. ನಾವು ಕೈ ನೋಡುವುದೋ, ನಿಮ್ಮ ಬಾಯಿಯ ತಕಿಟ ಕೇಳುವುದೋ?” ಎರಡು ದಿನ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಮೂರನೇ ದಿನ ಕನ್ನಡಿ ಎದುರು ನಿಂತು ನೋಡಿದೆ. ಅವಳು ಹೇಳಿದ್ದು ಸರಿ. ನಾನು ಮಕ್ಕಳ ಪೆಟ್ಟು ಕೇಳಿ ಆಮೇಲೆ ಕೈ ಇಳಿಸುತ್ತಿದ್ದೆ. ಅಂದರೆ ಅವರು ನನ್ನನ್ನು ನಡೆಸುತ್ತಿದ್ದರು. ಅಂದಿನಿಂದ ಬಾಯಿ ಮುಚ್ಚಿದೆ. ಪೆಟ್ಟಿಗೆ ಮೊದಲು ಉಸಿರು ತೆಗೆದುಕೊಂಡೆ, ಕೈ ಅದರ ಹಿಂದೆ. ಎರಡು ವಾರದಲ್ಲಿ ಏಳೂ ಅಕ್ಷರ ಸರಿ ಕೂತವು. ಮಗಾ, ನಿನಗೆ ಜಾಸ್ತಿ ಥ್ಯಾಂಕ್ಸ್.

ನಾನು ಕೇಳದೆಯೇ ಫೀಸು ಮುಂಗಡ ಕೊಟ್ಟ ಅಪ್ಪ ಅಮ್ಮಂದಿರಿಗೆ, ಮೃದಂಗಕ್ಕೆ ತನ್ನ ಸೀಟು ಬಿಟ್ಟುಕೊಟ್ಟ ನಿಜವಾದ ಬಸ್ ಕಂಡಕ್ಟರಿಗೆ, ಬೆರಳು ಮಡಚಿಸಿ ಅಳಿಸಿದ ಫಿಸಿಯೋ ತಂಗಿಗೆ ನಮಸ್ಕಾರ.

ಭಾನುವಾರ ಕೊನೆಗೆ ಎರಡು ಆವರ್ತ ನಾನೂ ನುಡಿಸಿದೆ. ನೋವಿತ್ತು, ನಾದವೂ ಇತ್ತು.

ಶನಿವಾರ ಮೂರೂವರೆಗೆ ಕ್ಲಾಸ್ ಉಂಟು. ಚೆಂಡೆಯವರು ಹಿಂದಿನ ಜಗಲಿಯಲ್ಲೇ ಕೂರಬೇಕು, ಈಗಲೇ ಹೇಳಿದ್ದೇನೆ.