ಮೂಗಿನ ಶಸ್ತ್ರಚಿಕಿತ್ಸೆಯ ನಂತರವೂ ನಿದ್ರಾ ಪರೀಕ್ಷೆ ಬೇಕು

ಮಾನ್ಯ ಸಂಪಾದಕರಿಗೆ,

ವಂದನೆಗಳು. ಮೂಗಿನ ಅಡಚಣೆ ಮತ್ತು ಗೊರಕೆಯನ್ನು ಕುರಿತು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಕಟ್ಟಿದ ಮೂಗನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದರೆ ನಿದ್ರೆ ಸುಧಾರಿಸುತ್ತದೆ ಎಂಬ ಅದರ ಮುಖ್ಯ ಮಾತಿಗೆ ನನ್ನ ತಕರಾರಿಲ್ಲ. ಆ ಸುಧಾರಣೆಯನ್ನು ಸ್ವತಃ ಅನುಭವಿಸಿದವನು ನಾನು. ಆದರೆ ನಿದ್ರೆ ಸುಧಾರಿಸುವುದೂ ನಿದ್ರೆಯಲ್ಲಿ ಉಸಿರು ಕಟ್ಟುವುದು ನಿಲ್ಲುವುದೂ ಒಂದೇ ಎಂಬ ಭಾವನೆ ಓದುಗರಲ್ಲಿ ಮೂಡುವಂತೆ ಲೇಖನ ಮುಗಿದಿರುವುದರಿಂದ, ಈ ಎರಡರ ನಡುವಿನ ಅಂತರವನ್ನು ತಡವಾಗಿ ತಿಳಿದುಕೊಂಡವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮೂಗಿನ ನಡುಗೋಡೆ ಚಿಕ್ಕಂದಿನಿಂದಲೂ ಎಡಕ್ಕೆ ವಾಲಿತ್ತು. ರಾತ್ರಿ ಮಲಗಿದೊಡನೆ ಎಡ ಹೊಳ್ಳೆ ಮುಚ್ಚಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಬಲ ಹೊಳ್ಳೆಯೂ ಬಿಗಿಯುತ್ತಿತ್ತು. ಬಾಯಿ ತೆರೆದು ಉಸಿರಾಡುತ್ತ, ಗಂಟಲು ಒಣಗಿ ನಾಲ್ಕಾರು ಬಾರಿ ಎಚ್ಚರಗೊಳ್ಳುವುದನ್ನೇ ನಾನು ನಿದ್ರೆ ಎಂದುಕೊಂಡಿದ್ದೆ. ಕೊನೆಗೆ ನಡುಗೋಡೆಯನ್ನು ನೇರಗೊಳಿಸುವ ಸೆಪ್ಟೋಪ್ಲಾಸ್ಟಿ ಮಾಡಿಸಿಕೊಂಡೆ. ಜೊತೆಗೆ ಮೂಗಿನ ಪಕ್ಕದ ಗೋಡೆಯಲ್ಲಿ ಊದಿಕೊಂಡಿದ್ದ ಟರ್ಬಿನೇಟ್ ಎಂಬ ಮಡಿಕೆಗಳನ್ನೂ ಕುಗ್ಗಿಸಿದರು. ಮೊದಲ ವಾರ ನಿದ್ರೆ ಹಿಂದಿಗಿಂತ ಕೆಟ್ಟಿತು. ಒಳಗಿನ ಬಾವು ಮತ್ತು ಹೆಪ್ಪುಗಟ್ಟಿದ ಪೊರೆಗಳಿಂದ ಮೂಗು ಸಂಪೂರ್ಣ ಮುಚ್ಚಿದಂತಾಗಿ, ಮಾಡಿಸಿಕೊಂಡದ್ದೇ ತಪ್ಪಾಯಿತೇನೋ ಎನಿಸಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ರಾತ್ರಿಯಿಡೀ ಬಾಯಿ ಮುಚ್ಚಿ ಮಲಗುವಂತಾದೆ. ಬೆಳಿಗ್ಗೆ ತಲೆ ಹಗುರವಾಗಿರುತ್ತಿತ್ತು, ಮಧ್ಯಾಹ್ನದ ತೂಕಡಿಕೆ ಬಹುಮಟ್ಟಿಗೆ ಹೋಯಿತು. ಪೂರ್ತಿ ಗುಣವಾಯಿತೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆದರೆ ನಿದ್ರೆಯಲ್ಲಿ ನನ್ನ ಉಸಿರು ಈಗಲೂ ನಡುನಡುವೆ ನಿಲ್ಲುವುದನ್ನು ಗಮನಿಸಿದ್ದ ನನ್ನ ಪತ್ನಿ ಪಟ್ಟುಹಿಡಿದು, ಮಲಗಿದಾಗಿನ ಉಸಿರಾಟವನ್ನು ಅಳೆಯುವ ನಿದ್ರಾ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದಳು. ಶಸ್ತ್ರಚಿಕಿತ್ಸೆಗೆ ಮೊದಲು ಗಂಟೆಗೆ 22 ಬಾರಿ ಉಸಿರು ಕಟ್ಟುತ್ತಿದ್ದುದು ಅಥವಾ ಕ್ಷೀಣಿಸುತ್ತಿದ್ದುದು ಈಗ 20ಕ್ಕೆ ಇಳಿದಿತ್ತು, ಅಷ್ಟೇ. ವಯಸ್ಕರಲ್ಲಿ ಈ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಸಹಜ, 15ರಿಂದ 30ರೊಳಗೆ ಇದ್ದರೆ ಮಧ್ಯಮ ಪ್ರಮಾಣದ ಸ್ಲೀಪ್ ಅಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರು ಪದೇ ಪದೇ ಕಟ್ಟುವ ಕಾಯಿಲೆ.

ಹೀಗಾಗಲು ಕಾರಣವಿದೆ. ನಾವು ಒಳಗೆಳೆದುಕೊಳ್ಳುವ ಗಾಳಿ ಎದುರಿಸುವ ಒಟ್ಟು ಪ್ರತಿರೋಧದಲ್ಲಿ ಸುಮಾರು ಅರ್ಧದಷ್ಟು ಮೂಗಿನಲ್ಲೇ ಇದೆ. ಮಲಗಿದಾಗ ಮೂಗಿನ ಒಳಪೊರೆಯಲ್ಲಿ ರಕ್ತ ತುಂಬಿ ದಾರಿ ಇನ್ನಷ್ಟು ಕಿರಿದಾಗುತ್ತದೆ. ಗಾಳಿಯನ್ನು ಬಲವಾಗಿ ಎಳೆಯಬೇಕಾದಾಗ ಹಿಂದಿರುವ ಗಂಟಲಿನ ಮೃದು ಭಾಗ ಒಳಕ್ಕೆ ಸೆಳೆಯಲ್ಪಡುತ್ತದೆ. ಬಾಯಿ ತೆರೆದರೆ ಕೆಳದವಡೆ ಜಾರಿ ನಾಲಿಗೆಯ ಬುಡ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಮೂಗು ತೆರೆದಾಗ ಉಸಿರಾಟದ ಶ್ರಮ ಇಳಿದು, ನಿದ್ರೆಯನ್ನು ತುಂಡರಿಸುವ ಎಚ್ಚರಗಳು ಕಡಿಮೆಯಾಗುವುದು ಸಹಜ. ಆದರೆ ಸ್ಲೀಪ್ ಅಪ್ನಿಯಾದಲ್ಲಿ ದಾರಿ ಮುಚ್ಚಿಕೊಳ್ಳುವುದು ಮೂಗಿನಲ್ಲಲ್ಲ, ಮೃದು ಅಂಗುಳದ ಮತ್ತು ನಾಲಿಗೆಯ ಹಿಂದೆ. ಅಲ್ಲಿನ ಸಡಿಲತನಕ್ಕೆ, ಕತ್ತಿನ ಕೊಬ್ಬಿಗೆ, ದವಡೆಯ ರಚನೆಗೆ ಮೂಗಿನ ಶಸ್ತ್ರಚಿಕಿತ್ಸೆ ಏನನ್ನೂ ಮಾಡುವುದಿಲ್ಲ.

ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಗ್ರೀಸ್‌ನ ವೈದ್ಯರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ನಡುಗೋಡೆ ವಾಲಿದ್ದ 49 ಮಂದಿ ಅಪ್ನಿಯಾ ರೋಗಿಗಳ ಪೈಕಿ 27 ಮಂದಿಗೆ ನಿಜವಾದ ಶಸ್ತ್ರಚಿಕಿತ್ಸೆಯನ್ನೂ ಉಳಿದ 22 ಮಂದಿಗೆ ಹೆಸರಿಗೆ ಮಾತ್ರದ ಶಸ್ತ್ರಚಿಕಿತ್ಸೆಯನ್ನೂ ಮಾಡಲಾಯಿತು. ನಿಜವಾದ ಚಿಕಿತ್ಸೆ ಪಡೆದವರಲ್ಲಿ ಉಸಿರುಕಟ್ಟುವಿಕೆ ಗಣನೀಯವಾಗಿ ತಗ್ಗಿದ್ದು 4 ಮಂದಿಯಲ್ಲಿ ಮಾತ್ರ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಹಗಲಿನ ತೂಕಡಿಕೆ ಮತ್ತು ಗೊರಕೆ ಕಡಿಮೆಯಾದದ್ದು ಕಾಣುತ್ತದೆಯೇ ಹೊರತು ಉಸಿರುಕಟ್ಟುವಿಕೆಯ ಸಂಖ್ಯೆ ಸರಾಸರಿಯಲ್ಲಿ ಹೆಚ್ಚು ಕದಲುವುದಿಲ್ಲ.

ಇಷ್ಟನ್ನು ಓದಿ, ಶಸ್ತ್ರಚಿಕಿತ್ಸೆಯೇ ವ್ಯರ್ಥ ಎಂದು ಯಾರೂ ತಿಳಿಯಬಾರದು. ಸಂಖ್ಯೆ ಇಳಿಯದ ಕಾರಣ ಚಿಕಿತ್ಸೆ ಸೋತಿತು ಎಂದು ನನಗೇ ಹೇಳಿದ ವೈದ್ಯರೊಬ್ಬರ ಮಾತನ್ನು ನಾನು ಒಪ್ಪಲಾರೆ. ಬ್ರಿಟನ್ನಿನ 17 ಆಸ್ಪತ್ರೆಗಳಲ್ಲಿ 378 ವಯಸ್ಕರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೆಪ್ಟೋಪ್ಲಾಸ್ಟಿಯನ್ನು ಮೂಗಿನ ಸ್ಪ್ರೇ ಚಿಕಿತ್ಸೆಯೊಂದಿಗೆ ಹೋಲಿಸಿತು. ನಿದ್ರೆ ಬರುವುದು ಕಷ್ಟವೇ, ರಾತ್ರಿ ಎಚ್ಚರವಾಗುತ್ತದೆಯೇ, ಏಳುವಾಗ ಆಯಾಸವಿರುತ್ತದೆಯೇ ಎಂಬವೂ ಸೇರಿದಂತೆ 22 ಪ್ರಶ್ನೆಗಳಿಗೆ ರೋಗಿಗಳು ಕೊಡುವ 110ರವರೆಗಿನ ಅಂಕದಲ್ಲಿ, ಆರು ತಿಂಗಳ ಬಳಿಕ ಸ್ಪ್ರೇ ಬಳಸಿದವರ ಸರಾಸರಿ 39.5 ಇದ್ದರೆ ಶಸ್ತ್ರಚಿಕಿತ್ಸೆ ಪಡೆದವರದು 19.9. ಅಂಕ ಕಡಿಮೆಯಾದಷ್ಟೂ ತೊಂದರೆ ಕಡಿಮೆ. ವರ್ಷಗಟ್ಟಲೆ ಸರಿಯಾಗಿ ಮಲಗದವನಿಗೆ ಇದು ಸಣ್ಣ ಲಾಭವಲ್ಲ. ಮಾತ್ರವಲ್ಲ, ಸ್ಲೀಪ್ ಅಪ್ನಿಯಾಕ್ಕೆ ಈಗಲೂ ಮುಖ್ಯ ಚಿಕಿತ್ಸೆಯಾಗಿರುವ, 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೊದಲು ವರದಿ ಮಾಡಿದ ಸಿಪ್ಯಾಪ್ ಯಂತ್ರ ಗಂಟಲಿನ ದಾರಿ ಮುಚ್ಚದಂತೆ ಮುಖವಾಡವೊಂದರಿಂದ ಗಾಳಿಯನ್ನು ಸಾಮಾನ್ಯವಾಗಿ ಮೂಗಿನ ಮೂಲಕವೇ ಒತ್ತಿ ಕಳಿಸುತ್ತದೆ. ಮೂಗು ಕಟ್ಟಿದವರು ಆ ಮುಖವಾಡವನ್ನು ಸಹಿಸಲಾರದೆ ಕಿತ್ತಿಡುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಕಡಿಮೆ ಒತ್ತಡವೇ ಸಾಕಾಗಿ ಅನೇಕರಿಗೆ ಅದರ ಬಳಕೆ ಸಾಧ್ಯವಾಗುತ್ತದೆ. ಹಿಂದೆ ಎರಡು ರಾತ್ರಿಗಳಲ್ಲೇ ಕೈಬಿಟ್ಟಿದ್ದ ಯಂತ್ರದೊಂದಿಗೆ ನಾನು ಈಗ ಪ್ರತಿ ರಾತ್ರಿ ಮಲಗುತ್ತಿದ್ದೇನೆ.

ನನ್ನ ಆತಂಕ ಬೇರೆ. ಆಯಾಸ ಹೋಗಿ ಗೊರಕೆ ತಗ್ಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಎಚ್ಚರಿಸುವ ಲಕ್ಷಣಗಳೇ ಮರೆಯಾದಾಗ, ರಕ್ತದ ಆಮ್ಲಜನಕವನ್ನು ಮತ್ತೆ ಮತ್ತೆ ಇಳಿಸಿ ರಕ್ತದೊತ್ತಡವನ್ನು ಏರಿಸಬಲ್ಲ ಕಾಯಿಲೆ ಸದ್ದಿಲ್ಲದೆ ಉಳಿದುಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಮೂಗು ವಾಸಿಯಾದುದನ್ನು ನೋಡಿ ಕಳುಹಿಸಿಬಿಟ್ಟರೆ, ನಿದ್ರೆಯ ಹೊಣೆ ಯಾರದೂ ಆಗುವುದಿಲ್ಲ. ನನ್ನ ವಿಷಯದಲ್ಲಿ ಮರುಪರೀಕ್ಷೆಯ ಸೂಚನೆ ಆಸ್ಪತ್ರೆಯಿಂದ ಬರಲೇ ಇಲ್ಲ. ಪತ್ನಿ ಗಮನಿಸದೇ ಹೋಗಿದ್ದರೆ ಇಂದಿಗೂ ನನಗೆ ಗೊತ್ತಾಗುತ್ತಿರಲಿಲ್ಲ; ಒಂಟಿಯಾಗಿ ಮಲಗುವವರ ಪಾಡನ್ನು ನೆನೆದರೆ ಕಳವಳವಾಗುತ್ತದೆ.

ಆದ್ದರಿಂದ ಜೋರು ಗೊರಕೆ, ಉಸಿರು ನಿಂತು ಬೆಚ್ಚಿ ಏಳುವುದು, ಅತಿಯಾದ ತೂಕಡಿಕೆ ಇರುವವರಿಗೆ ಮೂಗಿನ ಶಸ್ತ್ರಚಿಕಿತ್ಸೆಗೆ ಮೊದಲು ಒಮ್ಮೆ ನಿದ್ರಾ ಪರೀಕ್ಷೆ ಮಾಡಿಸಬೇಕೆಂದೂ, ಅದರಲ್ಲಿ ಅಪ್ನಿಯಾ ಕಂಡುಬಂದರೆ ಬಾವು ಪೂರ್ತಿ ಇಳಿದ ಮೇಲೆ ಮರುಪರೀಕ್ಷೆ ಕಡ್ಡಾಯವಾಗಿ ಆಗಬೇಕೆಂದೂ ಕಿವಿ, ಮೂಗು, ಗಂಟಲು ತಜ್ಞರಲ್ಲಿ ವಿನಂತಿಸುತ್ತೇನೆ. ತಮ್ಮ ಪತ್ರಿಕೆಯೂ ಆ ಲೇಖನಕ್ಕೆ ಪೂರಕವಾಗಿ ಈ ಮಾಹಿತಿಯನ್ನು ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ