ಹೊಗೆ ಗಿಣಿಗೇರಾದಲ್ಲಿ, ಅಳೆಯುವ ಯಂತ್ರ ಕೊಪ್ಪಳದಲ್ಲಿ

ಮಾನ್ಯ ಸಂಪಾದಕರೇ,

ಹೊಸ ಉಕ್ಕು ಕಾರ್ಖಾನೆ ಬೇಡ ಎಂದು 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆಯಿತು. ಗವಿಮಠದ ಶ್ರೀಗಳೂ ಬೀದಿಗಿಳಿದರು. ಆಮೇಲೆ ಅದರ ಕೆಲಸ ನಿಲ್ಲಿಸಲು ಮುಖ್ಯಮಂತ್ರಿಗಳು ಸೂಚಿಸಿದರು. ಅಂದಿನಿಂದ ಮಾತೆಲ್ಲ ಆ ಹೊಸ ಕಾರ್ಖಾನೆಯದೇ. ಆ ಮಾತು ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ವರ್ಷಗಳಿಂದ ಹೊಗೆ ಬಿಡುತ್ತಿರುವ ಹಳೆಯ ಕಾರ್ಖಾನೆಗಳ ಚಿಮಣಿಗಳನ್ನು ಕೇಳುವವರು ಯಾರು?

ಗಿಣಿಗೇರಾ, ಹಿರೇಬಗನಾಳ, ಚಿಕ್ಕಬಗನಾಳ, ಕಾಸನಕಂಡಿ ಕಡೆ ಒಮ್ಮೆ ಬೆಳಿಗ್ಗೆ ಬಂದು ನೋಡಿ. ಮಾಳಿಗೆ ಮೇಲೆ, ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಕರಿ ಬೂದಿ ಕೂತಿರುತ್ತದೆ. ಬೆರಳಾಡಿಸಿದರೆ ಗೆರೆ ಮೂಡುತ್ತದೆ, ಬಿಸಿಲಿಗೆ ಹಿಡಿದರೆ ಸಣ್ಣಗೆ ಮಿಂಚುತ್ತದೆ. ಹಪ್ಪಳ, ಸಂಡಿಗೆ ಒಣಹಾಕುವುದನ್ನು ನಮ್ಮ ಮನೆಯಲ್ಲಿ ಬಿಟ್ಟೇಬಿಟ್ಟಿದ್ದೇವೆ. ಮೇವನ್ನು ಝಾಡಿಸದೆ ಹಾಕಿದರೆ ಎಮ್ಮೆ ಮೂಸಿ ಮುಖ ತಿರುಗಿಸುತ್ತದೆ. ನಾವು ಹಾಗೆ ಗಾಳಿಯಿಂದ ಮುಖ ತಿರುಗಿಸಲು ಆಗುತ್ತದಾ?

ಕಣ್ಣಿಗೆ ಕಾಣುವ ಬೂದಿಗಿಂತ ಕಾಣದ ಕಣವೇ ಜಾಸ್ತಿ ಅಪಾಯ. ಪಿಎಂ 2.5 ಅನ್ನುವ ಕಣ ಶ್ವಾಸಕೋಶದ ಆಳಕ್ಕೆ ಇಳಿದು ರಕ್ತಕ್ಕೂ ಸೇರುತ್ತದೆ. ಉಬ್ಬಸ, ಹೃದಯಾಘಾತ, ಲಕ್ವಾ ಎಲ್ಲಕ್ಕೂ ಅದು ದಾರಿ. ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ ಅದು 5 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 2009ರಿಂದಲೂ 40. ಈ ಸಡಿಲ ಮಿತಿಯಾದರೂ ನಮ್ಮೂರಲ್ಲಿ ಪಾಲನೆ ಆಗುತ್ತಿದೆಯೇ ಎಂದು ತಿಳಿಯಬೇಕಾದರೆ ಮೊದಲು ಅಳೆಯಬೇಕು, ಅಲ್ವಾ?

ದಿನವಿಡೀ ಗಾಳಿ ಅಳೆಯುವ ಯಂತ್ರ ಇರುವುದು ಕೊಪ್ಪಳ ನಗರದ ದಿವಟರ ನಗರದಲ್ಲಿ. ಚಿಮಣಿಗಳ ಸಾಲು ಇರುವುದು ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ಪೂರ್ವಕ್ಕೆ, ಗಿಣಿಗೇರಾ ಕಡೆ. ಮಳೆಗಾಲದಲ್ಲಿ ಗಾಳಿ ಬೀಸುವುದು ಪಶ್ಚಿಮದಿಂದ. ಆಗ ಹೊಗೆ ನಗರದ ಕಡೆ ಹೋಗುವುದೇ ಇಲ್ಲ. ಅಲ್ಲಿನ ಯಂತ್ರ ಗಾಳಿ ಚೆನ್ನಾಗಿದೆ ಎಂದು ಹಸಿರು ಬಣ್ಣ ತೋರಿಸಿದರೆ ನಮಗೇನು ಬಂತು?

ಇನ್ನೊಂದು ತೊಡಕು ರಾತ್ರಿಯದು. ಚಳಿಗಾಲದ ರಾತ್ರಿ ಹೊಗೆ ಮೇಲೇರದೆ ನೆಲ ಹಿಡಿದು ನಿಲ್ಲುತ್ತದೆ. ಚಿಮಣಿಯ ಧೂಳು ಹಿಡಿಯುವ ಇಎಸ್‌ಪಿ ಕರೆಂಟ್ ತಿನ್ನುವ ಯಂತ್ರ. ಅದನ್ನು ರಾತ್ರಿ ಬಂದ್ ಮಾಡುತ್ತಾರೆ ಎಂಬುದು ಊರಿನವರ ದೂರು, ಇಲ್ಲವೇ ಇಲ್ಲ ಎಂಬುದು ಕಂಪನಿಗಳ ಉತ್ತರ. ಯಾರ ಮಾತು ನಿಜವೋ ಗಂಟೆಗಂಟೆಯ ಅಂಕಿ ಇದ್ದರೆ ಗೊತ್ತಾಗುತ್ತದೆ. 24 ಗಂಟೆಯ ಸರಾಸರಿ ತೆಗೆದರೆ ರಾತ್ರಿಯ ಹೊಗೆ ಹಗಲಿನ ಗಾಳಿಯಲ್ಲಿ ಕರಗಿ ಹೋಗುತ್ತದೆ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಕಡೆಗೆ ಜಾಗ ಸಿಕ್ಕಿತು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಎಲ್ಲ ದೊಡ್ಡ ನಗರಗಳೇ. ಕಾರ್ಖಾನೆ ಪಕ್ಕದ ಹಳ್ಳಿಯ ಗಾಳಿ ಯಾರ ಲೆಕ್ಕಕ್ಕೂ ಇಲ್ಲ.

ಹಾಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೇಳುವುದಿಷ್ಟು. ಗಿಣಿಗೇರಾ ಮತ್ತು ಹಿರೇಬಗನಾಳದಲ್ಲಿ ಒಂದೊಂದು ಯಂತ್ರ ಕೂರಿಸಿ. ಗಂಟೆಗಂಟೆಯ ಅಂಕಿಯನ್ನು ಪಂಚಾಯಿತಿ ಕಟ್ಟೆಯ ಬೋರ್ಡಿನಲ್ಲಿ ಕನ್ನಡದಲ್ಲಿ ತೋರಿಸಿ. ಮೊಬೈಲ್ ಆಪ್ ನೋಡಿ ಎಂದು ಸುಮ್ನೆ ಸಾಗಹಾಕಬೇಡಿ. ಆರೋಗ್ಯ ಇಲಾಖೆಗೂ ಒಂದು ಮಾತು: ಕೆಮ್ಮು, ದಮ್ಮು ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರನ್ನು ಊರುವಾರು ಎಣಿಸಿ, ಆ ಪಟ್ಟಿಯನ್ನು ಗಾಳಿಯ ಅಂಕಿಯ ಪಕ್ಕ ಇಟ್ಟು ಪ್ರತಿ ತಿಂಗಳು ಪ್ರಕಟಿಸಿ. ಹೊಸ ಕಾರ್ಖಾನೆ ಬೇಕೋ ಬೇಡವೋ ಎಂದು ಮುಂದೆ ಸಭೆ ಕರೆದಾಗ ಆ ಎರಡು ಪಟ್ಟಿಗಳು ಮೇಜಿನ ಮೇಲೆ ಇರಲಿ.

ಇಂತಿ,
ಒಬ್ಬ ಓದುಗ, ಗಿಣಿಗೇರಾ, ಕೊಪ್ಪಳ ತಾಲ್ಲೂಕು